ಮರುಭೂಮಿಯ ಕಲ್ಲಿನಲ್ಲಿ ಸಮುದ್ರದ ಚಿಪ್ಪು ಹೇಗೆ ಬಂತು?

ಪ್ರಶ್ನೆ: ಜೈಸಲ್ಮೇರ್ ಟೂರ್‌ಗೆ ಹೋದಾಗ ಒಂದು ಕಲ್ಲಿನ ಬಟ್ಟಲು ತಂದೆವು. ಕಲ್ಲಿನೊಳಗೆ ಚಿಪ್ಪಿನಂಥ ಗುರುತುಗಳು ತುಂಬಿವೆ. ಅಷ್ಟೊಂದು ಮರಳಿರುವ ಊರಿಗೆ ಸಮುದ್ರದ ಚಿಪ್ಪು ಎಲ್ಲಿಂದ ಬಂತು? ನಮ್ಮ ಆನೆಗುಂದಿ ಬೆಟ್ಟದ ಕಲ್ಲಿನಲ್ಲಿ ಇಂಥದ್ದು ಯಾಕೆ ಕಾಣುವುದಿಲ್ಲ? (ಗಂಗಾವತಿಯ ಓದುಗರು)

ಉತ್ತರ: ಚಿಪ್ಪು ಮೊದಲಿನಿಂದ ಅಲ್ಲೇ ಇತ್ತು. ಮರುಭೂಮಿ ಆಮೇಲೆ ಬಂತು, ಬಹಳ ಆಮೇಲೆ.

ನಿಮ್ಮ ಬಟ್ಟಲು ಹಾಬೂರಿನ ಕಲ್ಲಿನದ್ದಿರಬೇಕು. ಜೈಸಲ್ಮೇರ್ ಕಡೆಯ ಹಳ್ಳಿ ಅದು. ಅಲ್ಲಿಯ ಕಂದು ಬಣ್ಣದ ಸುಣ್ಣದ ಕಲ್ಲಿನಲ್ಲಿ ಹಳದಿ ಚಿಪ್ಪುಗಳು ಒತ್ತೊತ್ತಾಗಿ ಕೂತಿರುತ್ತವೆ. ಇದರಲ್ಲಿ ಹಾಲಿಟ್ಟರೆ ಹೆಪ್ಪಿಲ್ಲದೆ ಮೊಸರಾಗುತ್ತದೆ ಎಂದು ಅಂಗಡಿಯವರು ನಿಮಗೆ ಹೇಳಿಯೇ ಇರುತ್ತಾರೆ. ನಾನಂತೂ ಒಂದು ಚಮಚ ಹೆಪ್ಪು ಹಾಕಿಯೇ ಇಡುತ್ತೇನೆ.

ಜೈಸಲ್ಮೇರ್ ಸುತ್ತಮುತ್ತ ಒಂದೇ ದಿನ ಅಡ್ಡಾಡಿದರೂ ನೆಲ ಎಷ್ಟು ಸಲ ವೇಷ ಬದಲಿಸಿದೆ ಎನ್ನುವುದು ಕಾಣುತ್ತದೆ. ಪಟ್ಟಣದಿಂದ ಸುಮಾರು 17 ಕಿ.ಮೀ. ದೂರದ ಆಕಲ್‌ನಲ್ಲಿ ಕಲ್ಲಾದ ಮರದ ದಿಮ್ಮಿಗಳು ಬಿದ್ದಿವೆ. ಅವಕ್ಕೆ ಸುಮಾರು 18 ಕೋಟಿ ವರ್ಷ. ಅಂದರೆ ಮೊದಲು ಅಲ್ಲಿ ಕಾಡಿತ್ತು. ಸುಮಾರು 16 ಕೋಟಿ ವರ್ಷದ ಹಿಂದೆ ಅದೇ ಜಾಗದಲ್ಲಿ ಸಮುದ್ರ. ಆಗ ಭಾರತ ದಕ್ಷಿಣ ಗೋಳಾರ್ಧದಲ್ಲಿ ಮಡಗಾಸ್ಕರ್, ಅಂಟಾರ್ಕ್ಟಿಕಾಗಳ ಜೊತೆ ಅಂಟಿಕೊಂಡಿತ್ತು. ಪಶ್ಚಿಮದ ಅಂಚಿನ ತಗ್ಗಿನಲ್ಲಿ ನೀರು ನುಗ್ಗಿ ನಿಂತಿತು. ಆಳ ಕಡಿಮೆ, ನೀರು ಬೆಚ್ಚಗೆ. ಚಿಪ್ಪಿನ ಜೀವಿಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಈ ಜೀವಿಗಳು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ತೆಗೆದುಕೊಂಡು ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತವೆ. ಸತ್ತ ಮೇಲೆ ಮೆತ್ತಗಿನ ಭಾಗ ಕೊಳೆಯುತ್ತದೆ, ಚಿಪ್ಪು ತಳ ಸೇರುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು. ಮೇಲಿನ ಭಾರಕ್ಕೆ ಕೆಳಗಿನದು ಒತ್ತಿಕೊಳ್ಳುತ್ತದೆ. ನಡುವಿನ ಸಂದಿಗಳಲ್ಲಿ ಮತ್ತೆ ಸುಣ್ಣವೇ ತುಂಬಿ ಬೆಸುಗೆಯಾಗುತ್ತದೆ. ಜೈಸಲ್ಮೇರ್‌ನ ಹೊನ್ನಿನ ಬಣ್ಣದ ಕಲ್ಲು ಬಹುಪಾಲು ಇದೇ. ಗೈಡ್‌ಗಳು ಅದನ್ನು ಮರಳುಗಲ್ಲು ಎನ್ನುತ್ತಾರೆ, ಆದರೆ ಅದು ಕಬ್ಬಿಣದ ಅಂಶದಿಂದ ಹಳದಿಯಾದ ಸುಣ್ಣದ ಕಲ್ಲು.

ಸಮುದ್ರ ಬಂದು ಹೋಗುವುದು ಹಲವು ಸಲ ನಡೆಯಿತು. ನಿಮ್ಮ ಹಾಬೂರಿನ ಕಲ್ಲು ಇನ್ನೊಂದು ಸಲದ್ದು, ಸುಮಾರು 11–12 ಕೋಟಿ ವರ್ಷದ ಹಿಂದಿನದು. ಸುಮಾರು 5 ಕೋಟಿ ವರ್ಷದ ಹಿಂದೆ ನಮ್ಮ ಭೂಭಾಗ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ಆಮೇಲೆ ನೆಲ ಏಳುತ್ತಾ ಸಮುದ್ರ ಅಲ್ಲಿಂದ ಜಾಗ ಬಿಟ್ಟಿತು. ಈಗ ಕಾಣುವ ಮರಳಿನ ದಿಬ್ಬಗಳ ವಯಸ್ಸು ಸಾವಿರಗಳ, ಹೆಚ್ಚೆಂದರೆ ಲಕ್ಷಗಳ ಲೆಕ್ಕದಲ್ಲಿದೆ, ಕೋಟಿಯ ಮಾತೇ ಇಲ್ಲ.

ಹಾಗಾದರೆ ಸುಣ್ಣದ ಕಲ್ಲು ಮರುಭೂಮಿಯಲ್ಲೇ ಯಾಕೆ ಇಷ್ಟು ಚೆನ್ನಾಗಿ ಕಾಣುತ್ತದೆ? ಮಳೆ ಇಲ್ಲದ್ದಕ್ಕೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿಗೆ ಸುಣ್ಣದ ಕಲ್ಲು ಕರಗುತ್ತದೆ. ಇದನ್ನು ನೋಡಬೇಕೆಂದರೆ ಮೇಘಾಲಯಕ್ಕೆ ಹೋಗಬೇಕು. ಸುಮಾರು 5 ಕೋಟಿ ವರ್ಷದ ಹಿಂದೆ ಸಮುದ್ರದಲ್ಲಿ ನಾಣ್ಯದ ಆಕಾರದ ನುಮುಲೈಟ್ ಎಂಬ ಏಕಕೋಶ ಜೀವಿ ವಿಪರೀತ ಬೆಳೆದಿತ್ತು. ಅದರ ಚಿಪ್ಪು ತುಂಬಿದ ಕಲ್ಲು ಜೈಸಲ್ಮೇರ್‌ನಲ್ಲೂ ಇದೆ, ಮೇಘಾಲಯದಲ್ಲೂ ಇದೆ. ಚಿರಾಪುಂಜಿಯಲ್ಲಿ ವರ್ಷಕ್ಕೆ 11,000 ಮಿ.ಮೀ. ಆಸುಪಾಸು ಮಳೆ. ಮೇಘಾಲಯದ ಕಲ್ಲು ಒಳಗೊಳಗೇ ಕರಗಿ ಗುಹೆಯಾಗಿದೆ. ಕ್ರೆಮ್ ಲಿಯಾಟ್ ಪ್ರಾಹ್ ಎಂಬ ಒಂದೇ ಗುಹೆ 30 ಕಿ.ಮೀ.ಗಿಂತ ಉದ್ದ! ಜೈಸಲ್ಮೇರ್‌ನಲ್ಲಿ ಮಳೆ 200 ಮಿ.ಮೀ. ಆಸುಪಾಸು ಅಷ್ಟೇ. ಕಲ್ಲು ಹಾಗೆಯೇ ಕೂತಿದೆ.

ಈಜಿಪ್ಟಿನ ಗಿಜಾ ಪಿರಮಿಡ್‌ಗಳ ಕಲ್ಲಿನಲ್ಲೂ ಇದೇ ನುಮುಲೈಟ್. ಸುಮಾರು 2,000 ವರ್ಷದ ಹಿಂದೆ ಗ್ರೀಕ್ ಲೇಖಕ ಸ್ಟ್ರಾಬೋ ಅಲ್ಲಿಗೆ ಹೋದಾಗ, ಕೂಲಿಗಳು ಉಂಡು ಬಿಟ್ಟ ಬೇಳೆ ಕಲ್ಲಾಗಿದೆ ಎಂಬ ಮಾತು ಕೇಳಿ ಬರೆದಿಟ್ಟ. ಬಿಡಲು ಮನಸ್ಸಾಗಲಿಲ್ಲ ಪಾಪ.

ಈಗ ಆನೆಗುಂದಿಗೆ ಬರೋಣ. ಅಲ್ಲಿಯ ಬಂಡೆಗಳು ಗ್ರಾನೈಟ್. ಸುಮಾರು 250 ಕೋಟಿ ವರ್ಷದ ಹಿಂದೆ ನೆಲದ ಆಳದಲ್ಲಿ ಕುದಿಯುವ ಶಿಲಾರಸ ನಿಧಾನಕ್ಕೆ ಆರಿ ಗಟ್ಟಿಯಾದದ್ದು. ಚಿಪ್ಪಿನ ಪ್ರಾಣಿಗಳು ಭೂಮಿಯ ಮೇಲೆ ಹುಟ್ಟಿ ಸುಮಾರು 54 ಕೋಟಿ ವರ್ಷವಷ್ಟೇ ಆಗಿದೆ. ಹಾಗಾಗಿ ಅಲ್ಲಿ ಎಷ್ಟೇ ಹುಡುಕಿದರೂ ಚಿಪ್ಪು ಸಿಗುವುದಿಲ್ಲ.

ಹಾಗಂತ ನಮ್ಮ ಕಡೆ ಸಮುದ್ರವೇ ಇರಲಿಲ್ಲ ಅಂದುಕೊಳ್ಳಬೇಡಿ. ಸಂಡೂರಿನ ಬೆಟ್ಟಸಾಲಿನಲ್ಲಿ ಸ್ಟ್ರೊಮಟೊಲೈಟ್ ಇರುವ ಸುಣ್ಣದ ಕಲ್ಲು ಸಿಕ್ಕಿದೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಪಾಚಿಯಂತೆ ಹರಡಿ ಪದರು ಪದರಾಗಿ ಕಟ್ಟಿದ ರಚನೆ ಅದು. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಜೈಸಲ್ಮೇರ್ ಇದರ ಮುಂದೆ ಕೂಸು! ಅಷ್ಟೇ ಅಲ್ಲ, ಲಾರಿಗಳಲ್ಲಿ ಧೂಳೆಬ್ಬಿಸಿಕೊಂಡು ಹೋಗುವ ಕಬ್ಬಿಣದ ಅದಿರೂ ಸಮುದ್ರದ್ದೇ. ನೀರಿನಲ್ಲಿ ಕರಗಿದ್ದ ಕಬ್ಬಿಣ ಆಕ್ಸಿಜನ್ ಜೊತೆ ಸೇರಿ ತಳಕ್ಕೆ ಇಳಿದು ಪಟ್ಟೆ ಪಟ್ಟೆಯಾಗಿ ನಿಂತಿತು. ಆ ಅದಿರನ್ನು ಕರಗಿಸಲು ಸುಣ್ಣದ ಕಲ್ಲು ಬೇಕೇ ಬೇಕು. ಅದಿರಿನ ಸಿಲಿಕಾವನ್ನು ಸುಣ್ಣ ಹಿಡಿದುಕೊಂಡು ಸ್ಲ್ಯಾಗ್ (ಕರಗಿದ ಕಸ) ಆಗಿ ಹೊರಗೆ ತರುತ್ತದೆ. ದೇಶದ ಉಕ್ಕಿನ ಕಾರ್ಖಾನೆಗಳಿಗೆ ಈ ಕಲ್ಲು ಜೈಸಲ್ಮೇರ್‌ನ ಸಾನು ಗಣಿಗಳಿಂದ, ಯುಎಇ ಮತ್ತು ಒಮಾನ್‌ನಿಂದಲೂ ಬರುತ್ತದೆ. ಮೂರೂ ಮರುಭೂಮಿಗಳೇ, ನೋಡಿ.

ಎರೆ ಹೊಲದಲ್ಲಿ ನೇಗಿಲಿಗೆ ಸಿಗುವ ಬಿಳಿ ಸುಣ್ಣದ ಹರಳಿನ ಬಗ್ಗೆಯೂ ಕೆಲವರು ಕೇಳುತ್ತಾರೆ. ಅದು ಸಮುದ್ರದ್ದಲ್ಲ. ಮಳೆನೀರು ಮಣ್ಣಿನ ಕ್ಯಾಲ್ಸಿಯಂ ಕರಗಿಸಿಕೊಂಡು ಕೆಳಗಿಳಿಯುತ್ತದೆ, ಬಿಸಿಲಿಗೆ ನೀರು ಆರಿ ಸುಣ್ಣ ಉಳಿಯುತ್ತದೆ. ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರು ಕಟ್ಟುತ್ತದಲ್ವಾ, ಹಾಗೆ. ಮಳೆ ಜಾಸ್ತಿ ಇರುವ ಮಲೆನಾಡಿನ ಹೊಲದಲ್ಲಿ ಇದು ನಿಲ್ಲುವುದಿಲ್ಲ, ತೊಳೆದುಹೋಗುತ್ತದೆ.

ಕಲ್ಲು ಸುಣ್ಣದ್ದೋ ಅಲ್ಲವೋ ತಿಳಿಯಲು ಎರಡು ಹನಿ ನಿಂಬೆರಸ ಸಾಕು. ಕೆರೆದ ಪುಡಿಯ ಮೇಲೆ ಹಾಕಿದರೆ ಗುಳ್ಳೆ ಏಳುತ್ತದೆ. ಗ್ರಾನೈಟ್ ಜಪ್ಪಯ್ಯ ಅನ್ನುವುದಿಲ್ಲ. ನಮ್ಮ ಕಡೆಯ ಮನೆಗಳಿಗೆ ಹಾಸುವ ಶಾಬಾದಿ ಪರಸಿಯೂ ಸುಣ್ಣದ ಕಲ್ಲೇ, ಕಲಬುರಗಿ ಕಡೆಯದ್ದು. ಬಚ್ಚಲು ತೊಳೆಯುವ ಆಸಿಡ್ ಅದರ ಮೇಲೆ ಸುರಿಯಬೇಡಿ. ನುಣುಪು ಹೋಗಿ ಬೆಳ್ಳಗಿನ ಕಲೆ ಉಳಿಯುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ.