ಆಳದ ಗುಂಡಿಗೆ ಆಸರೆ: ಒಂಬತ್ತನೇ ಸಾಲು ಕಲಿಸಿದ್ದು

ಬಾವಿ ತೋಡಿದವರಿಗೆ ಗೊತ್ತು, ಮೆತ್ತನೆ ನೆಲದಲ್ಲಿ ಇಳಿದಷ್ಟೂ ಪಕ್ಕದ ಮಣ್ಣು ಒಳಗೆ ನುಗ್ಗುತ್ತದೆ. ಊರ ನಡುವೆ ಮೆಟ್ರೊಗೆ 30 ಮೀಟರ್ ಅಗೆಯುವಾಗಲೂ ಕಷ್ಟ ಇದೇ. ಅದಕ್ಕೇ ಮೊದಲು ನೆಲದೊಳಗೆ ಕಾಂಕ್ರೀಟ್ ಗೋಡೆ ಇಳಿಸುತ್ತಾರೆ. ಅಗೆಯುತ್ತಾ ಹೋದ ಹಾಗೆ ಎದುರುಬದುರು ಗೋಡೆಗಳ ನಡುವೆ ಉಕ್ಕಿನ ತೊಲೆಗಳನ್ನು ಅಡ್ಡ ಕೊಡುತ್ತಾರೆ. ಇವೇ ಸ್ಟ್ರಟ್‌ಗಳು. ಗೋಡೆಯುದ್ದಕ್ಕೂ ಮಲಗಿಸಿದ ವೇಲರ್ ಎಂಬ ತೊಲೆ ಗೋಡೆಯ ಒತ್ತಡವನ್ನು ಸ್ಟ್ರಟ್‌ಗೆ ದಾಟಿಸುತ್ತದೆ.

ಒಂದು ಸ್ಟ್ರಟ್ ಎಷ್ಟು ಭಾರ ಹೊರಬೇಕು? ಕುಲೊಂ 1776ರಲ್ಲಿ, ರಾಂಕಿನ್ 1857ರಲ್ಲಿ ಮಣ್ಣಿನ ಒತ್ತಡಕ್ಕೆ ಲೆಕ್ಕ ಕೊಟ್ಟಿದ್ದರು. ಅದರ ಪ್ರಕಾರ ಕೆಳಗೆ ಹೋದಷ್ಟೂ ಒತ್ತಡ ಜಾಸ್ತಿ. ಹಾಗಾದರೆ ತಳದ ಸ್ಟ್ರಟ್‌ಗೇ ಹೆಚ್ಚು ಭಾರ ಬೀಳಬೇಕು, ಅಲ್ವಾ? ಬರ್ಲಿನ್ನಿನ ಮರಳಿನಲ್ಲಿ, ಆಮೇಲೆ ಷಿಕಾಗೊ ಸುರಂಗ ರೈಲಿನ ಜೇಡಿಮಣ್ಣಿನಲ್ಲಿ ಅಳೆದಾಗ ಹಾಗೆ ಬರಲಿಲ್ಲ. ಮೇಲಿನ ಸ್ಟ್ರಟ್‌ಗಳು ಲೆಕ್ಕಕ್ಕಿಂತ ಹೆಚ್ಚು ಹೊತ್ತಿದ್ದವು. ಮೇಲಿನ ತೊಲೆ ಮೊದಲೇ ಕೂತಿರುವುದರಿಂದ ಗೋಡೆಯ ತಲೆ ಅಲ್ಲಾಡದು, ಹೊಟ್ಟೆ ಮಾತ್ರ ಒಳಕ್ಕೆ ಬಾಗುತ್ತದೆ. ಆಗ ಭಾರ ಬೇರೆ ರೀತಿ ಹಂಚಿಕೆಯಾಗುತ್ತದೆ.

ಒಂದೇ ಮಟ್ಟದ ಎರಡು ಸ್ಟ್ರಟ್‌ಗಳ ಭಾರವೂ ಒಂದೇ ಇರುತ್ತಿರಲಿಲ್ಲ. ಹಾಗಾಗಿ ಮಣ್ಣಿನ ಎಂಜಿನಿಯರ್‌ಗಳಾದ ಟೆರ್ಜಾಗಿ ಮತ್ತು ಪೆಕ್ ಸರಾಸರಿ ಹಿಡಿಯಲಿಲ್ಲ, ಅಳತೆಯಲ್ಲಿ ಕಂಡ ಅತಿ ಹೆಚ್ಚಿನದನ್ನು ಹಿಡಿದು ಒತ್ತಡದ ನಕ್ಷೆ ಬರೆದರು. ನನಗೆ ಇದು ತುಂಬ ಪ್ರಾಮಾಣಿಕ ಕೆಲಸ ಅನ್ನಿಸುತ್ತದೆ. ನೆಲ ಹೇಳಿದ್ದನ್ನು ಕೇಳಿ ಮಾಡಿದ ಲೆಕ್ಕ ಅದು.

ಆಮೇಲೆ ಕಂಪ್ಯೂಟರ್ ಬಂತು, ಲೆಕ್ಕ ಅದರಲ್ಲೇ ಆಗತೊಡಗಿತು. 2004ರ ಏಪ್ರಿಲ್ 20ರ ಮಧ್ಯಾಹ್ನ ಸಿಂಗಪುರದ ನಿಕೊಲ್ ಹೈವೇ ಪಕ್ಕ, ಸರ್ಕಲ್ ಲೈನ್ ಮೆಟ್ರೊಗೆ ತೋಡಿದ್ದ ಗುಂಡಿ ಕುಸಿಯಿತು. ಹೆದ್ದಾರಿಯೂ ಜೊತೆಗೆ ಕುಸಿಯಿತು. ನಾಲ್ವರು ಸತ್ತರು. ಅವರಲ್ಲಿ ಒಬ್ಬರ ದೇಹ ಸಿಗಲೇ ಇಲ್ಲ.

ತನಿಖೆಯಲ್ಲಿ ಎರಡು ದೊಡ್ಡ ತಪ್ಪು ಹೊರಬಂದವು. ಮೊದಲನೆಯದು ಮಣ್ಣಿನ ಲೆಕ್ಕ. ಅಲ್ಲಿರುವುದು ಸಮುದ್ರದಡಿ ಕೂತ ಮೆತ್ತನೆ ಜೇಡಿ. ಬೇಗ ಅಗೆದರೆ ಅದರೊಳಗಿನ ನೀರು ಹೊರಬರಲು ಸಮಯವಿಲ್ಲ. ಕಂಪ್ಯೂಟರಿನಲ್ಲಿ ಬಳಸಿದ ವಿಧಾನ ಇದನ್ನು ಸರಿಯಾಗಿ ಹಿಡಿಯದೆ ಜೇಡಿಗೆ ಇಲ್ಲದ ಬಲ ಕೊಟ್ಟಿತು. ಗೋಡೆ ಎಷ್ಟು ಬಾಗುತ್ತದೆ ಅನ್ನುವುದು ಕಾಗದದ ಮೇಲೆ ತೀರಾ ಕಡಿಮೆ ಕಂಡಿತು.

ಎರಡನೆಯದು ಸ್ಟ್ರಟ್ ಮತ್ತು ವೇಲರ್ ಸೇರುವ ಜಾಗ. ಅಲ್ಲಿನ ವಿನ್ಯಾಸ ಲೆಕ್ಕವೇ ತಪ್ಪಿತ್ತು. ಬಲಕ್ಕೆಂದು ಇಟ್ಟಿದ್ದ ಉಕ್ಕಿನ ಫಲಕಗಳ ಬದಲು ಸಿ ಆಕಾರದ ಚಾನೆಲ್ ಕೂರಿಸಿದ್ದರು. ಅದು ಒಮ್ಮೆ ಬಾಗಿದರೆ ಮುಗಿಯಿತು, ಹಿಡಿತ ಥಟ್ಟನೆ ಇಳಿಯುತ್ತದೆ. ಒಂದರ ಕೆಳಗೊಂದು ಇದ್ದ ಸ್ಟ್ರಟ್ ಸಾಲುಗಳಲ್ಲಿ, ಮೇಲಿನಿಂದ ಒಂಬತ್ತನೇ ಸಾಲಿನಲ್ಲಿ ಆದದ್ದೂ ಅದೇ. ಅದರ ಭಾರ ಎಂಟನೇ ಸಾಲಿಗೆ ದಾಟಿತು. ಎಂಟೂ ತಡೆಯಲಿಲ್ಲ.

ನೆಲ ಸುಮ್ನೆ ಇರಲಿಲ್ಲ ಅನ್ನುವುದೇ ನನ್ನನ್ನು ಕಾಡುತ್ತದೆ. ಅಂದಾಜು ಮೀರಿ ಗೋಡೆ ಬಾಗಿದ್ದು ಉಪಕರಣದಲ್ಲಿ ಕಂಡಿತ್ತು. ಅದಕ್ಕೆ ಎಷ್ಟು ಬಾಗಬಹುದು ಅನ್ನುವ ಮಿತಿಯನ್ನೇ ಏರಿಸಲಾಯಿತು. ಅವತ್ತು ಬೆಳಿಗ್ಗೆಯಿಂದಲೇ ಉಕ್ಕು ಸದ್ದು ಮಾಡುತ್ತಿತ್ತು. ಹತ್ತಿರದಲ್ಲೇ ಕೆಲಸಗಾರರಿದ್ದರು.

ಸಿಂಗಪುರ ಆಮೇಲೆ ಆಳದ ಅಗೆತದ ನಿಯಮ ಬಿಗಿ ಮಾಡಿತು. ವಿನ್ಯಾಸವನ್ನು ಬೇರೊಬ್ಬ ಪರಿಣತರು ಸ್ವತಂತ್ರವಾಗಿ ಪರಿಶೀಲಿಸಬೇಕು. ಜೊತೆಗೆ ಇನ್ನೊಂದು ಲೆಕ್ಕವೂ ಬೇಕು: ಯಾವುದಾದರೂ ಒಂದು ಸ್ಟ್ರಟ್ ಇಲ್ಲವೆಂದುಕೊಂಡು, ಉಳಿದವು ಗೋಡೆಯನ್ನು ಹಿಡಿಯುತ್ತವೆಯೇ ಎಂದು ನೋಡಬೇಕು.