ಕರೆ ಆಜ್ಞೆಯಾದ ಹೊತ್ತು

ಬೆಳಗಾವಿಯ ಉದ್ಯಮಬಾಗದ ಕಾರಖಾನೆಗಳಲ್ಲಿ ಸೂಪರ್‌ವೈಸರ್‌ಗಳಿಗೆ ತರಬೇತಿ ಕೊಡುವಾಗ ನಾನು ಗಿರೀಶ ಕಾರ್ನಾಡರ 'ತುಘಲಕ್' ಕಥೆ ಹೇಳುತ್ತೇನೆ. 1964ರ ನಾಟಕ. ಜನ ತುಘಲಕ್‌ನನ್ನು ಸುಮ್ನೆ ಹುಚ್ಚು ದೊರೆ ಅಂದುಬಿಡುತ್ತಾರೆ. ನಾಟಕದಲ್ಲಿ ಅವನು ಓದಿದವನು, ಪ್ರಜೆಗಳ ಚಿಂತೆಯಲ್ಲಿ ನಿದ್ದೆಗೆಟ್ಟವನು. ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯಲು ಅವನಿಗೆ ಒಳ್ಳೆಯ ಕಾರಣಗಳೇ ಇದ್ದವು. ದೆಹಲಿ ಗಡಿಗೆ ಹತ್ತಿರ. ದೌಲತಾಬಾದ್ ಹಿಂದೂಗಳ ಊರು, ಅಲ್ಲಿ ಎರಡೂ ಧರ್ಮದವರನ್ನು ಬೆಸೆಯಬಹುದು ಎಂಬ ಆಸೆ.

ಮೊದಲ ದೃಶ್ಯದಲ್ಲಿ ಅವನು ಜನರನ್ನು ಕರೆಯುತ್ತಾನೆ. ನಂಬಿಕೆ ಇದ್ದವರು ಬರಲಿ, ಬಲವಂತ ಇಲ್ಲ ಎನ್ನುತ್ತಾನೆ. ಮುಂದೆ ತನ್ನ ಆಸ್ಥಾನದ ಸರದಾರರಾದ ಅಮೀರರೆದುರು ಮಂಡಿಯೂರಿ ನಂಬಿಕೆ ಬೇಡುತ್ತಾನೆ. ಅವರು ಅಷ್ಟರಲ್ಲೇ ಪ್ರಾರ್ಥನೆಯ ಹೊತ್ತಿಗೇ ಅವನನ್ನು ಕೊಲ್ಲಲು ಸಂಚು ಹೂಡಿರುತ್ತಾರೆ. ಸಂಚು ಮುರಿಯಿತು, ಕರೆ ಆಜ್ಞೆಯಾಯಿತು. ಎಲ್ಲರೂ ಹೊರಡಬೇಕು, ದೆಹಲಿಯ ಕಿಟಕಿಗಳಲ್ಲಿ ದೀಪ ಕಾಣಬಾರದು! ಸಂಚು ಮಾಡಿದವರು ಕೆಲವರು, ಶಿಕ್ಷೆ ಊರಿಗೆಲ್ಲ. ತರಬೇತಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ.

ಇದನ್ನು ನಾನು ಕಣ್ಣಾರೆ ಕಂಡೆ. ಉದ್ಯಮಬಾಗದ ಒಂದು ಫೌಂಡ್ರಿಗೆ, ಅಂದರೆ ಎರಕದ ಕಾರಖಾನೆಗೆ, ಜಾಗ ಸಾಲದೆ ಊರಿನ ಆಚೆ ಬದಿಯ ಹೊನಗಾಕ್ಕೆ ಹೋಗಬೇಕಾಯಿತು. ಮಾಲೀಕರು ಮೊದಲು ಪ್ರೀತಿಯಿಂದಲೇ ಹೇಳಿದರು. ಮೀಟಿಂಗ್‌ನಲ್ಲಿ ಎರಕದ ಅಚ್ಚು ಮಾಡುವ ಇಬ್ಬರು ಹಳೆಯ ಮೋಲ್ಡರ್‌ಗಳು ದನಿ ಏರಿಸಿದರು. ಮರುದಿನ ಬೆಳಿಗ್ಗೆ ಬೋರ್ಡಿನ ಮೇಲೆ ನೋಟಿಸು: ಬನ್ನಿ, ಇಲ್ಲವೇ ಕೆಲಸ ಬಿಡಿ.

ಆ ಮೋಲ್ಡರ್‌ಗಳಲ್ಲೊಬ್ಬರನ್ನು ಮಾತಾಡಿಸಿದೆ. "ಖಾನಾಪುರದಿಂದ ಬರಾವ ನಾನು. ಇಡೀ ಬೆಳಗಾವಿ ದಾಟಿ ಹೊನಗಾ ಮುಟ್ಟೂದು ಯಾವಾಗ್ರಿ ಸರ್? ಅಷ್ಟ ಕೇಳಿದ್ದೆ," ಎಂದರು. ಅದು ಬಂಡಾಯ ಅಲ್ಲ, ಬಸ್ಸಿನ ಲೆಕ್ಕ ಅಲ್ವಾ?

ಮಾಲೀಕರಿಗೆ ನಾನು ನೆನಪಿಸಿದ್ದು ನಮ್ಮ ಗೋಕಾಕ, ಮುಧೋಳದ ಕಡೆ ರಾತ್ರಿಯಿಡೀ ಆಡುವ ಜನಪದ ಆಟ ಶ್ರೀಕೃಷ್ಣ ಪಾರಿಜಾತವನ್ನು. ನಾರದ ತಂದ ಹೂವು ರುಕ್ಮಿಣಿಗೆ ಸಿಕ್ಕಿತು, ಸತ್ಯಭಾಮೆ ಮುನಿದಳು. ಕೃಷ್ಣ ಅಷ್ಟು ದೊಡ್ಡವನು. ಆದರೂ ತಾನೇ ಅವಳ ಬಾಗಿಲಿಗೆ ಹೋಗುತ್ತಾನೆ, ಅವಳ ಸಿಟ್ಟಿನ ಮಾತು ಕೇಳುತ್ತಾನೆ. ಸೋತಂತೆ ಕಂಡರೂ ಅಲ್ಲಿ ಅವನ ದೊಡ್ಡತನ ಕಡಿಮೆಯಾಗುವುದಿಲ್ಲ.

ಮಾಲೀಕರು ನೋಟಿಸು ತೆಗೆಸಿದರು. ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಒಬ್ಬೊಬ್ಬರ ಊರು, ದಾರಿ ಕೇಳಿದರು. ಖಾನಾಪುರ ರಸ್ತೆಯಿಂದ ಒಂದು ಬಾಡಿಗೆ ಬಸ್ಸು ಗೊತ್ತು ಮಾಡಿದರು, ಮೊದಲ ಪಾಳಿಯನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದರು. ಆದರೂ ಮೂವರು ಬಿಟ್ಟುಹೋದರು. ಆ ಮೂವರ ಮನೆಗೂ ಅವರು ಹೋಗಿ ಬಂದರು.