ಈ ಗುಹೆಗೆ ಹೆಸರಿಟ್ಟವರು ಯಾರು?

ಗೇಮ್‌ಗಳಿಗೆ ಕಥೆ ಬರೆಯಲು ನಮ್ಮ ತಂಡಕ್ಕೆ ಹೊಸದಾಗಿ ಸೇರಿದವರಿಗೆ ನಾನು ಕೊಡುವ ಮೊದಲ ಕೆಲಸ, ಒಂದು ಡಂಜನ್‌ಗೆ ಹೆಸರಿಡುವುದು. ಡಂಜನ್ ಅಂದರೆ ಗೊತ್ತಲ್ಲ, ಆಟಗಾರ ದೀಪ ಹಿಡಿದು ಇಳಿಯುವ ಹಾಳು ಕೋಟೆ, ಗವಿ, ನೆಲಮಾಳಿಗೆ. ಒಳಗೆ ಬಲೆ, ಭೂತ, ನಿಧಿ. ಮರುದಿನ ಬರುವ ಪಟ್ಟಿ ಹೆಚ್ಚುಕಮ್ಮಿ ಹೀಗಿರುತ್ತದೆ: ಮೃತ್ಯುಗುಹೆ, ರಕ್ತದುರ್ಗ, ಅಂಧಕಾರ ಪಾತಾಳ, ಶಾಪಗ್ರಸ್ತ ಮಹಾಸಮಾಧಿ. ಓದುತ್ತಿದ್ದರೆ ಪೌರಾಣಿಕ ಧಾರಾವಾಹಿಯ ಹಿನ್ನೆಲೆ ಸಂಗೀತ ಕೇಳಿಸುತ್ತದೆ. ಭಯ ಮಾತ್ರ ಆಗುವುದಿಲ್ಲ.

ಆಗ ನಾನು ಕೇಳುವುದು ಒಂದೇ ಪ್ರಶ್ನೆ. ಈ ಹೆಸರಿಟ್ಟವರು ಯಾರು?

ಮೃತ್ಯುಗುಹೆಯ ಪಕ್ಕದಲ್ಲೇ ಒಂದು ಹಳ್ಳಿ ಇದೆ ಅಂದುಕೊಳ್ಳಿ. ಅಲ್ಲಿನ ಅಜ್ಜಿ ಮೊಮ್ಮಗನಿಗೆ "ಲೋ, ಮೃತ್ಯುಗುಹೆ ಕಡೆ ದನ ಬಿಡಬೇಡ್ವೋ" ಅಂತ ಹೇಳುತ್ತಾಳಾ? ಖಂಡಿತ ಇಲ್ಲ. ಅವಳು "ಕರಿಯಪ್ಪ ಇಳಿದ ಬಾವಿ" ಅನ್ನುತ್ತಾಳೆ. ಕರಿಯಪ್ಪ ಯಾರು, ಯಾಕೆ ಇಳಿದ, ಅವಳೇನೂ ಹೇಳುವುದಿಲ್ಲ. ಇಳಿದ ಅಂತ ಇದೆ, ಹತ್ತಿದ ಅಂತ ಇಲ್ಲ. ಅಷ್ಟು ಸಾಕು.

ಹೆಸರನ್ನು ಕಥೆಗಾರ ಇಟ್ಟರೆ ಅದು ಪೋಸ್ಟರ್ ಆಗುತ್ತದೆ. ಆ ಜಾಗದ ಪಕ್ಕ ದಿನಾ ಓಡಾಡುವವರು ಇಟ್ಟರೆ ಅದು ಜಾಗ ಆಗುತ್ತದೆ. ಇಂಟರ್‌ನೆಟ್‌ನಲ್ಲಿ ಸಿಗುವ ಹೆಸರು ಹುಟ್ಟಿಸುವ ಯಂತ್ರಗಳು ಸೋಲುವುದೂ ಇಲ್ಲೇ. ಒಂದು ಪಟ್ಟಿಯಿಂದ ಒಂದು ವಿಶೇಷಣ, ಇನ್ನೊಂದರಿಂದ ಒಂದು ಕಟ್ಟಡ. ಕಪ್ಪು ಗೋಪುರ, ಅಳುವ ಗುಹೆ. ಯಾರು ಹಾಗೆ ಕರೆದರು ಅನ್ನುವುದಕ್ಕೆ ಯಂತ್ರದ ಹತ್ತಿರ ಉತ್ತರ ಇಲ್ಲ.

ಪಾಠ ಬೇಕಾದರೆ ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್ ದೂರದ ಚಿತ್ರದುರ್ಗಕ್ಕೆ ಹೋಗಿ ಬನ್ನಿ. ಏಳು ಸುತ್ತಿನ ಕೋಟೆ. ಹೆಸರಲ್ಲೇ ಲೆವೆಲ್ ಡಿಸೈನ್, ಅಂದರೆ ಆಟದ ಹಂತಗಳ ವಿನ್ಯಾಸ, ಇದೆ ನೋಡಿ. ಒಂದು ಸುತ್ತು ದಾಟಿದವನಿಗೆ ಇನ್ನೂ ಎಷ್ಟು ಬಾಕಿ ಅಂತ ಗೊತ್ತು. ಒಳಗೆ ಸಿಗುವ ಹೆಸರುಗಳು ಗಾರೆ ಬಾಗಿಲು, ಎಣ್ಣೆ ಕೊಳ, ಅಕ್ಕ ತಂಗಿ ಹೊಂಡ, ತಣ್ಣೀರು ದೋಣಿ. ಒಂದರಲ್ಲೂ ಆರ್ಭಟ ಇಲ್ಲ. ನೀರು ತರುವವರು, ಕಾವಲು ಕಾಯುವವರು, ಎಣ್ಣೆ ತುಂಬಿಸುವವರು ಕೆಲಸಕ್ಕೆ ಬೇಕು ಅಂತ ಇಟ್ಟ ಹೆಸರುಗಳು ಇವು.

ಆ ತಣ್ಣೀರು ದೋಣಿಯ ಹತ್ತಿರವೇ ಒನಕೆ ಓಬವ್ವನ ಕಿಂಡಿ. ಕಥೆ ಎಲ್ಲರಿಗೂ ಗೊತ್ತಿದೆ. ಹೈದರಾಲಿಯ ಸೈನಿಕರು ಬಂಡೆಗಳ ನಡುವಿನ ಸಂದಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ ಬಂದರು, ಊಟಕ್ಕೆ ಕೂತಿದ್ದ ಕಾವಲುಗಾರನ ಹೆಂಡತಿ ಓಬವ್ವ ಒನಕೆ ಎತ್ತಿ ಒಬ್ಬೊಬ್ಬರನ್ನೇ ಬಡಿದು ಹಾಕಿದಳು. ಕೋಟೆ ಕೊನೆಗೆ 1779ರಲ್ಲಿ ಹೈದರನ ಕೈಗೆ ಹೋಯಿತು, ಕಿಂಡಿ ಮಾತ್ರ ಅವಳ ಹೆಸರಲ್ಲೇ ಉಳಿಯಿತು. ಈ ಹೆಸರನ್ನು ಬಿಡಿಸಿ ನೋಡಿ. ಒಂದು ಅಡುಗೆಮನೆ ಸಾಮಾನು, ಒಬ್ಬ ಹೆಂಗಸು, ಒಂದು ಸಣ್ಣ ತೂತು. ಸಾವು, ರಕ್ತ, ಯುದ್ಧ ಯಾವುದೂ ಇಲ್ಲ. ಆದರೆ ಒನಕೆಗೂ ಕಿಂಡಿಗೂ ಏನು ಸಂಬಂಧ ಅಂತ ಕೇಳದೆ ಮುಂದೆ ಹೋಗಲು ಆಗಲ್ಲ. ಇದನ್ನೇ ಹೊಸಬರಿಗೆ ಹೇಳುತ್ತೇನೆ: ದೊಡ್ಡ ಜಾಗಕ್ಕೆ ಸಣ್ಣ ವಸ್ತುವಿನ ಹೆಸರಿಡಿ. ಕೋಟೆ, ದುರ್ಗ, ಪಾತಾಳ ಬಿಡಿ. ಕಿಂಡಿ, ಬಾಗಿಲು, ಮೆಟ್ಟಿಲು, ಹೊಂಡ, ಕಣಜ, ಬುರುಜು ಹಿಡಿಯಿರಿ.

ಶ್ರೀರಂಗಪಟ್ಟಣದಲ್ಲಿ ಇನ್ನೊಂದು ಬಗೆ ಸಿಗುತ್ತದೆ. ಅಲ್ಲಿನ ಕರ್ನಲ್ ಬೈಲಿ ಡಂಜನ್ ನಿಜವಾದ ಸೆರೆಮನೆ. ಸುಣ್ಣ ಬಳಿದ ಕಮಾನುಗಳು, ಗೋಡೆಯಿಂದ ಹೊರಚಾಚಿದ ಕಲ್ಲಿನ ಚಪ್ಪಡಿಗಳು, ಕೈದಿಗಳನ್ನು ಸರಪಳಿಯಲ್ಲಿ ಬಿಗಿಯಲು ಅವುಗಳಲ್ಲಿ ತೂತು. ಕಟ್ಟಿಸಿದ ಅರಸನ ಹೆಸರು ಇದಕ್ಕಿಲ್ಲ. 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆ ಸಿಕ್ಕು 1782ರಲ್ಲಿ ಸೆರೆಯಲ್ಲೇ ಸತ್ತ ಬ್ರಿಟಿಷ್ ಸೇನಾಧಿಕಾರಿ ಬೈಲಿಯ ಹೆಸರಿದೆ. ಬಂದಿಯ ಹೆಸರು ಬಂದೀಖಾನೆಗೆ. ಫ್ಯಾಂಟಸಿ ಬರೆಯುವವರು ಯಾಕೋ ಯಾವಾಗಲೂ ರಾಕ್ಷಸನ ಹೆಸರನ್ನೇ ಬಾಗಿಲಿಗೆ ತಗುಲಿಸುತ್ತಾರೆ. ಸೋತವರ ಹೆಸರಿಟ್ಟು ನೋಡಿ, ಕೆಲಸ ಸಲೀಸು.

ಅಷ್ಟು ದೂರ ಯಾಕೆ, ನಮ್ಮ ಮೆಜೆಸ್ಟಿಕ್ ಇದೆಯಲ್ಲ. ದಾಖಲೆಯಲ್ಲಿ ಅದು ಕೆಂಪೇಗೌಡ ಬಸ್ ನಿಲ್ದಾಣ. ಬಾಯಲ್ಲಿ ಮೆಜೆಸ್ಟಿಕ್, ಈಗಿಲ್ಲದ ಒಂದು ಚಿತ್ರಮಂದಿರದ ಹೆಸರು. ಇನ್ನೂ ಕೆಳಗೆ ಹೋದರೆ ಧರ್ಮಾಂಬುಧಿ ಕೆರೆ, ಅದರ ಅಂಗಳದ ಮೇಲೇ ಬಸ್ ನಿಲ್ದಾಣ ಬಂದಿದೆ. ಒಂದೇ ಜಾಗ, ಮೂರು ಹೆಸರು, ಮೂರು ಕಾಲ. ಈಗ ಅದರಡಿ ಮೆಟ್ರೋ ಬೇರೆ ಓಡುತ್ತದೆ. ಇದನ್ನು ಫ್ಯಾಂಟಸಿಗೆ ಎತ್ತಿಕೊಳ್ಳಿ ಅಂತ ಎಷ್ಟು ಹೇಳಿದರೂ ಹುಡುಗರು ಐರ್ಲೆಂಡಿನ ಗವಿಗಳನ್ನೇ ಹುಡುಕಿಕೊಂಡು ಹೋಗುತ್ತಾರೆ.

ಹೀಗೆ ಪದರಗಳಿರುವ ಹೆಸರು ಆಟದಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ನಾವು ಮಾಡಿದ್ದೊಂದು ಉದಾಹರಣೆ. ಬರಗಾಲದ ಕಥೆ. ನೆಲದಡಿ ಧಾನ್ಯ ಬಚ್ಚಿಟ್ಟ ಜಾಗವೇ ಡಂಜನ್. ಮೊದಲ ಹೆಸರು ಶಾಪಗ್ರಸ್ತ ಧಾನ್ಯಾಗಾರ. ಸರ್ಕಾರಿ ಗೋದಾಮಿನ ಬೋರ್ಡ್ ಥರ ಇತ್ತು. ಆಮೇಲೆ ಹಸಿವಿನ ಕಣಜ. ಪರವಾಗಿಲ್ಲ, ಆದರೆ ಜಾಣತನ ಜಾಸ್ತಿ, ಕವಿ ಇಣುಕುತ್ತಾನೆ. ಅಷ್ಟರಲ್ಲಿ ಮಂಡ್ಯ ಕಡೆಯ ಒಬ್ಬ ಕಲಾವಿದೆ "ಹಗೇವು ಅಂತಿಡಿ" ಅಂದರು.

ಹಗೇವು ನೋಡಿದವರು ಈಗ ಕಮ್ಮಿ. ಬಾಯಿ ಕಿರಿದು, ಹೊಟ್ಟೆ ಅಗಲ, ನೆಲದಲ್ಲಿ ತೋಡಿದ ಗುಂಡಿ. ರಾಗಿ, ಜೋಳ ತುಂಬಿ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವ ಹಾಗಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ, ಅವಸರಪಟ್ಟು ಇಳಿದವರು ಉಸಿರುಕಟ್ಟಿ ಸತ್ತಿದ್ದಾರೆ. ಈ ಮಾತು ಬಂದಿದ್ದೇ ತಡ, ಲೆವೆಲ್ ಡಿಸೈನರ್ ಎದ್ದು ಕೂತರು. ಆಟದ ನಿಯಮವೇ ಬದಲಾಯಿತು. ಆಟಗಾರನ ದೀಪ ಮಂಕಾದರೆ ಅಲ್ಲಿ ಗಾಳಿ ಕೆಟ್ಟಿದೆ, ಹಿಂದೆ ಸರಿಯಬೇಕು. ಹೆಸರು ಗೊತ್ತಿದ್ದವನಿಗೆ ಈ ನಿಯಮ ಯಾರೂ ಹೇಳಿಕೊಡಬೇಕಿಲ್ಲ. ಗೊತ್ತಿಲ್ಲದವನು ಒಂದು ಸಲ ಸತ್ತು ಕಲಿಯುತ್ತಾನೆ.

ಕೊನೆಗೆ ಮೂರು ಹೆಸರು ಇಟ್ಟೆವು. ಊರವರಿಗೆ ಅದು ದ್ಯಾಮವ್ವನ ಹಗೇವು. ಅರಮನೆಯ ಕಡತದಲ್ಲಿ ಎರಡನೇ ಕಣಜ. ಕಳ್ಳರ ಬಾಯಲ್ಲಿ ಬರೀ ಹೊಟ್ಟೆ. ಆಟಗಾರ ಇವನ್ನು ಬೇರೆ ಬೇರೆ ಜಾಗದಲ್ಲಿ ಕೇಳುತ್ತಾನೆ, ಮೂರೂ ಒಂದೇ ಅಂತ ಆಮೇಲೆ ಹೊಳೆಯುತ್ತದೆ. ಪರೀಕ್ಷೆಗೆ ಆಡಿದವರೆಲ್ಲ ಹಿಡಿದುಕೊಂಡದ್ದು ಕಡತದ ಒಣ ಹೆಸರನ್ನು. ಎರಡನೇದು ಇದ್ದರೆ ಮೊದಲನೇದು ಎಲ್ಲಿ? ನಾವು ಮೊದಲನೇದನ್ನು ಯೋಚಿಸಿಯೇ ಇರಲಿಲ್ಲ. ಆಮೇಲೆ ಅರಮನೆಯ ಅಡುಗೆಮನೆ ನೆಲದಲ್ಲಿ ಒಂದು ಮುಚ್ಚಿದ ಕಲ್ಲು ಸೇರಿಸಿದೆವು.

ಹಾಗಂತ ನೇರ ಹೆಸರು ಕೆಟ್ಟದ್ದು ಅಂತಲ್ಲ. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಬಂದಿದ್ದು 1974ರಲ್ಲಿ. ಅದರ ಕರ್ತೃಗಳಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1978ರಲ್ಲಿ ಪ್ರಕಟಿಸಿದ ಒಂದು ಸಾಹಸದ ಹೆಸರು ಟೂಮ್ ಆಫ್ ಹಾರರ್ಸ್. ಘೋರಗಳ ಗೋರಿ. ನಮ್ಮ ಹೊಸಬರ ಪಟ್ಟಿಯಲ್ಲಿದ್ದರೆ ನಾನೇ ಕೆಂಪು ಗೆರೆ ಎಳೆಯುತ್ತಿದ್ದೆನೇನೋ. ಆದರೆ ಅದು ಒಳಗೆ ಹೋದವರ ಪಾತ್ರಗಳನ್ನು ಕರುಣೆಯೇ ಇಲ್ಲದೆ ಕೊಲ್ಲುವುದಕ್ಕೆ ಇವತ್ತಿಗೂ ಕುಖ್ಯಾತ. ಬೋರ್ಡಿನಲ್ಲಿ ಬರೆದದ್ದನ್ನು ಒಳಗೆ ಕೊಟ್ಟರು. ಒಳಗೆ ನಾಲ್ಕು ಇಲಿ, ಒಂದು ಜೇಡ ಇಟ್ಟು ಹೊರಗೆ ಮೃತ್ಯುಗುಹೆ ಅಂತ ಬರೆದರೆ ಆಟಗಾರ ಮುಂದಿನ ಬೋರ್ಡನ್ನು ನಂಬುವುದಿಲ್ಲ.

ತಿರುಗಿಸಿಯೂ ಆಡಬಹುದು. ಕೋಲಾರದ ಚಿನ್ನದ ಗಣಿಗಳಲ್ಲಿ ಒಂದರ ಹೆಸರು ಚಾಂಪಿಯನ್ ರೀಫ್. ಗೆಲುವಿನ ಹೆಸರು, ಆಳ ಮೂರು ಕಿಲೋಮೀಟರ್‌ಗೂ ಜಾಸ್ತಿ, ಬಂಡೆ ಸಿಡಿಯುವ ಭಯ ಬೇರೆ. 2001ರಲ್ಲಿ ಗಣಿಗಾರಿಕೆ ನಿಂತಿತು. ಉತ್ಸಾಹದ ಹೆಸರು ಹೊತ್ತ ಕತ್ತಲೆ ಗುಂಡಿಗೆ ಬೇರೆಯದೇ ಹೆದರಿಕೆ ಇದೆ.

ಸದ್ದಿನ ಬಗ್ಗೆ ಸ್ವಲ್ಪ. ಕನ್ನಡದಲ್ಲಿ ಭಾರ ಇರುವುದು ಒತ್ತಿನಲ್ಲಿ. ಕಗ್ಗಲ್ಲು, ಹೆಬ್ಬಂಡೆ, ಬತ್ತಿದ ಹಳ್ಳ, ನಟ್ಟಿರುಳು. ಹೇಳುವಾಗ ನಾಲಿಗೆ ಒಂದು ಕ್ಷಣ ನಿಲ್ಲುತ್ತದೆ, ಆ ನಿಲುಗಡೆಯೇ ಗಾಂಭೀರ್ಯ. ಮಹಾಪ್ರಾಣ ತುರುಕಿದರೆ ಭಯ ಹೆಚ್ಚುತ್ತದೆ ಅನ್ನುವುದು ಭ್ರಮೆ. ಬೀಭತ್ಸದುರ್ಗ ಅಂತ ಇಟ್ಟು ನೋಡಿ, ತಂಡದಲ್ಲಿ ಅರ್ಧ ಜನ ಅದನ್ನು ತಪ್ಪು ಬರೆಯುತ್ತಾರೆ. ಒತ್ತಿಗೂ ಒಂದು ಖರ್ಚಿದೆ ಅನ್ನಿ. ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದ ಮ್ಯಾಪ್ ಲೇಬಲ್‌ನಲ್ಲಿ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ಹೆಸರು ಅಂತಿಮ ಮಾಡುವ ಮೊದಲು ಫೋನಿನ ಪರದೆ ಮೇಲೆ ನೋಡಲೇಬೇಕು.

ಎಲ್ಲಕ್ಕಿಂತ ಕಾಟ ಕೊಡುವುದು ವಿಭಕ್ತಿ. ಇಂಗ್ಲಿಷ್‌ನಲ್ಲಿ ಪ್ರೋಗ್ರಾಮರ್ ಖಾಲಿ ಜಾಗ ಬಿಟ್ಟು ಯಾವ ಹೆಸರು ತುಂಬಿದರೂ ವಾಕ್ಯ ನಡೆಯುತ್ತದೆ. ಕನ್ನಡದಲ್ಲಿ ಅದೇ ಜಾಗದ ಮುಂದೆ "ಗೆ ಹೋಗಿ" ಅಂತ ಬರೆದಿಟ್ಟರೆ, ಓಬವ್ವನ ಕಿಂಡಿಗೆ ಸರಿಹೋಗುತ್ತದೆ, ಅಕ್ಕ ತಂಗಿ ಹೊಂಡ ಬಂದಾಗ ಪರದೆ ಮೇಲೆ "ಹೊಂಡಗೆ ಹೋಗಿ" ಅಂತ ಕಾಣಿಸುತ್ತದೆ. ಬಾಗಿಲು "ಬಾಗಿಲುಗೆ" ಆಗುತ್ತದೆ. ಎಷ್ಟೇ ಚೆನ್ನಾಗಿ ಕಟ್ಟಿದ ಲೋಕವಾದರೂ ಅಲ್ಲಿಗೆ ಮುಗೀತು, ಆಟಗಾರ ನಗುತ್ತಾನೆ. ಅದಕ್ಕೇ ನಮ್ಮ ಶೀಟ್‌ನಲ್ಲಿ ಪ್ರತಿ ಹೆಸರಿನ ಪಕ್ಕ ಹೊಂಡಕ್ಕೆ, ಹೊಂಡದಲ್ಲಿ, ಹೊಂಡದಿಂದ, ಹೊಂಡವನ್ನು ಅಂತ ಬೇರೆ ಬೇರೆ ಕಾಲಂ ಇವೆ. ಹೆಸರು ಕೊಟ್ಟವರೇ ಅವನ್ನು ತುಂಬಬೇಕು. ಡೆಡ್‌ಲೈನ್ ಹತ್ತಿರ ಬಂದಾಗ ಹೊಂಡಗಳು ಕಮ್ಮಿಯಾಗಿ ಗವಿ, ಕಿಂಡಿ, ಕೋಟೆಗಳೇ ಜಾಸ್ತಿಯಾಗುವುದಕ್ಕೆ ಬೇರೆ ಕಾರಣ ಏನೂ ಇಲ್ಲ.